ಗಡಿ ಸಂದರ್ಶನ

ನಮ್ಮ ಆತ್ಮಾರಾಮ ಮಾಸ್ತರರಿಗೆ ತೆಲುಗು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ಅವರಿಗೆ ತೆಲುಗು ಬರುತ್ತದೆ. ಜಹೀರಾಬಾದಿನ ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುವಷ್ಟು ಬರುತ್ತದೆ. ಬಸ್ಸಿನ ಕಂಡಕ್ಟರನ ಜೊತೆ ಸೀಟಿಗಾಗಿ ಜಗಳ ತೆಗೆಯುವಷ್ಟು ಬರುತ್ತದೆ, ಜಗಳ ಜೋರಾದರೆ ಬಸ್ಸಿನಿಂದ ಇಳಿದುಬಿಡುವಷ್ಟೂ ಬರುತ್ತದೆ. ಸರ್ಕಾರಿ ಕಾಗದದ ತೆಲುಗು ಮಾತ್ರ ಬೇರೆಯೇ ಪದಾರ್ಥ. ಅದು ತಮಗೆ ಬರುವುದಿಲ್ಲ ಎಂದು ಒಪ್ಪಿಕೊಳ್ಳುವುದು ಅವರಿಗೆ ಬರುತ್ತಿರಲಿಲ್ಲ, ಅಷ್ಟೇ.

ತೆಲಂಗಾಣದ ಮೊಗುಡಂಪಲ್ಲಿ ಮಂಡಲದಲ್ಲಿರುವ ನಮ್ಮ ಊರಿನ ಶಾಲೆ ಕನ್ನಡದ್ದು. ಊರ ಹೊರಗಿನ ಹಳ್ಳ ದಾಟಿದರೆ ಬೀದರ್ ಜಿಲ್ಲೆ. ಆಫೀಸಿನಿಂದ ಬರುವ ಕಾಗದವೆಲ್ಲ ತೆಲುಗಿನಲ್ಲಿ ಬರುತ್ತದೆ. ಅದನ್ನು ಓದಿ ಕನ್ನಡಕ್ಕೆ ತರುವ ಕೆಲಸವನ್ನು ಆತ್ಮಾರಾಮ ಮಾಸ್ತರರು ತಾವಾಗಿಯೇ ಮೈಮೇಲೆ ಹಾಕಿಕೊಂಡಿದ್ದರು. ನಾನು ಗಣಿತದವನು. ತೆಲುಗು ಕೇಳಿದರೆ ಅಷ್ಟಿಷ್ಟು ತಿಳಿಯುತ್ತದೆ, ಅಕ್ಷರ ಕಂಡರೆ ಬೆವರು ಬರುತ್ತದೆ. ಇದನ್ನೆಲ್ಲ ಹೇಗೆ ಸಾಧಿಸಿದಿರಿ ಎಂದು ಒಮ್ಮೆ ಅವರನ್ನೇ ಕೇಳಿದೆ.

"ಏನದ ಅದರಾಗ," ಎಂದರು. "ಎರಡೂ ಅಕ್ಕ ತಂಗಿ ಇದ್ದಂಗ. ತೆಲುಗಿನ ತಲಕಟ್ಟು ಜರಾ ತಿದ್ದಿದ್ರ ಕನ್ನಡ ಆತು."

ಈ ಭಾಷಾಶಾಸ್ತ್ರದ ಬಲದಿಂದ ಅವರು ಹನ್ನೊಂದು ವರ್ಷ ನಿರಾತಂಕವಾಗಿ ತಲಕಟ್ಟು ತಿದ್ದುತ್ತ ಬಂದಿದ್ದರು. ಬರುವ ಕಾಗದಗಳೂ ಅಂಥವೇ ಇರುತ್ತಿದ್ದವು. ಹುಳದ ಗುಳಿಗೆ, ಸಸಿ ನೆಡುವುದು, ಕೈ ತೊಳೆಯುವ ದಿನ. ತಪ್ಪಾದರೂ ಮಕ್ಕಳು ಒಂದು ದಿನ ಹೆಚ್ಚಿಗೆ ಕೈ ತೊಳೆಯುತ್ತಿದ್ದರು.

ನಮ್ಮ ಹೆಡ್‌ಮೇಡಂ ಧಮ್ಮಶೀಲಾ ಎರಡು ವರ್ಷದಿಂದ ಒಂದೇ ಅರ್ಜಿಯನ್ನು ತಿರುಗಾಮುರುಗಾ ಬರೆಯುತ್ತಿದ್ದರು. ನಮ್ಮ ಮಕ್ಕಳು ಜಹೀರಾಬಾದಿನ ಆಚೆ ಏನನ್ನೂ ನೋಡಿಲ್ಲ, ಯಾವುದಾದರೂ ಐತಿಹಾಸಿಕ ಸ್ಥಳಕ್ಕೆ ಹೋಗಿಬರಲು ಒಂದು ಬಸ್ ಕೊಡಿ ಎಂಬ ಅರ್ಜಿ. ಹೋದ ಜನವರಿಯ ಒಂದು ಸೋಮವಾರ ಬಸ್ ಮಂಜೂರಾಯಿತು. ಮೇಡಂ ತರಬೇತಿಗೆಂದು ಸಂಗಾರೆಡ್ಡಿಗೆ ಹೋದ ದಿನವೇ ಆಯಿತು. ದಾರಿಯಿಂದಲೇ ಫೋನ್ ಮಾಡಿದರು.

"ಮಾಸ್ತರ್, ಶನಿವಾರಕ್ಕ ಬಸ್ ಸಿಕ್ಕದಂತ. ಎಲ್ಲಿಗೆ ಅಂಬೂದು ಕಾಗದದಾಗ ಅದ, ನೋಡ್ರಿ. ಗುರುವಾರ ಸಾಯಂಕಾಲ ಐದರೊಳಗ ನಲವತ್ತು ಒಪ್ಪಿಗೆ ಚೀಟಿ ಆಫೀಸಿಗೆ ಮುಟ್ಟಬೇಕು. ಒಂದು ಕಡಿಮಿ ಆದ್ರೂ ಬಸ್ ಬ್ಯಾರೆ ಶಾಲಿಗೆ ಹೋಗ್ತದ. ನನ್ನ ಫೋನ್ ಗುರುವಾರದ ತನಕ ಬಂದ್ ಇರ್ತದ. ಒಂದು ನೋಟೀಸು ಬರದು ಮನಿಮನಿಗಿ ಕಳಸ್ರಿ."

ಎಂಟು ಮತ್ತು ಒಂಬತ್ತನೇ ತರಗತಿ ಸೇರಿಸಿದರೆ ನಮ್ಮಲ್ಲಿ ಇರುವವರೇ ನಲವತ್ತೆರಡು ಮಕ್ಕಳು. ಮಾಸ್ತರರು ಕಾಗದ ಮುಂದಿಟ್ಟುಕೊಂಡು ಅರ್ಧ ತಾಸು ತಲಕಟ್ಟು ತಿದ್ದಿದರು. ನಂತರ ಮೂಲ ಕಾಗದವನ್ನು ಸರ್ಕಾರದ ಗುಟ್ಟು ಎಂಬಂತೆ ಅಲಮಾರಿಯಲ್ಲಿಟ್ಟು ಕೀಲಿ ಹಾಕಿದರು. ಮನೆಮನೆಗೆ ಹೋದ ನೋಟೀಸು ಹೀಗಿತ್ತು:

"ಪೋಷಕರಿಗೆ ತಿಳಿಸುವುದೇನೆಂದರೆ, ಬರುವ ಶನಿವಾರ ವಿದ್ಯಾರ್ಥಿಗಳಿಗೆ ಗಡಿ ಸಂದರ್ಶನ ಇರುತ್ತದೆ. ಅರಮನೆ ತೋಟವೂ ಇರುತ್ತದೆ. ಭೋಜನ ವಸತಿ ಸರ್ಕಾರದ್ದು. ತಂದೆತಾಯಿಯ ಒಪ್ಪಿಗೆ ಬಹಳ ಅವಸರ. ಆಮೇಲೆ ತಿರುಗು ಪ್ರಯಾಣ."

ಓದಿದಾಗ ನನಗೂ ಏನೋ ಒಂಥರಾ ಅನ್ನಿಸಿತು. ಆದರೆ ಗಣಿತದವನು ಭಾಷೆಯ ವಿಷಯದಲ್ಲಿ ಬಾಯಿ ಹಾಕಬಾರದೆಂದು ಸುಮ್ಮನಿದ್ದೆ. ಒಂಬತ್ತನೇ ತರಗತಿಯ ಶಿಲ್ಪಾರಾಣಿ ಎಂಬ ಚುರುಕು ಹುಡುಗಿ ಅಂದೇ ಸಂಜೆ ಮನೆಮನೆ ತಿರುಗಿ ಚೀಟಿಗೆಲ್ಲ ಸಹಿ ಹಾಕಿಸಿಕೊಂಡು ಬಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಯಾರ ನಂತರ ಯಾರು ಕೂಡಬೇಕೆಂಬ ಪಟ್ಟಿಯೂ ಅವಳ ಹತ್ತಿರ ತಯಾರಿತ್ತು. ನಲವತ್ತೆರಡಕ್ಕೆ ನಲವತ್ತೆರಡು ಚೀಟಿ ಬಂದವು. ಜನ ನೋಟೀಸನ್ನು ಓದಿದ್ದು ಸಹಿ ಹಾಕಿದ ಮೇಲೆ.

ಮಂಗಳವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ಶಿಲ್ಪಾರಾಣಿಯ ಅಪ್ಪ ಹಣಮಯ್ಯ ನೋಟೀಸು ಹಿಡಿದು ಬಂದ.

"ಮಾಸ್ತರ್, ಗಡಿ ನೋಡಾಕ ಬಸ್ ಯಾಕ್ರಿ? ನನ್ನ ಎಮ್ಮಿ ದಿನಾ ಎರಡು ಸಲ ಗಡಿ ದಾಟತದ. ಅದರ ಹಿಂದ ಬಿಟ್ರ ಪೋರಗೋಳು ನಡಕೋತ ನೋಡಿ ಬರ್ತಾವ."

ಇದು ಯಾವ ಗಡಿ ಎಂದು ಆತ್ಮಾರಾಮ ಮಾಸ್ತರರು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಆದರೆ ಎಮ್ಮೆ ದಾಟುವ ಗಡಿಗೆ ಸರ್ಕಾರ ಬಸ್ ಕೊಡುವುದಿಲ್ಲ ಎಂಬುದು ಅವರಿಗೂ ಹೊಳೆಯಿತು.

"ಇದು ಆ ಗಡಿ ಅಲ್ಲ," ಎಂದರು ಗಂಭೀರವಾಗಿ. "ಇದು ದೊಡ್ಡ ಗಡಿ."

"ದೊಡ್ಡ ಗಡಿ ಅಂದ್ರ ಫೌಜ್ ಇರ್ತದಲ್ಲ, ಅದಾ?"

"ಸರ್ಕಾರದ ಕಾಗದ ಅದ, ಹಣಮಯ್ಯ. ನಾ ಹೆಚ್ಚಿಗಿ ಹೇಳಾಕ ಬರೂದಿಲ್ಲ."

ಹೆಚ್ಚಿಗೆ ಹೇಳಲು ಅವರಿಗೆ ನಿಜವಾಗಿಯೂ ಬರುತ್ತಿರಲಿಲ್ಲ. ಹಣಮಯ್ಯ ನೋಟೀಸನ್ನು ಇನ್ನಷ್ಟು ಹತ್ತಿರ ಹಿಡಿದ.

"ಸಂದರ್ಶನ ಅಂದ್ರ ನೌಕರಿಗಿ ಕರದು ಕೇಳ್ತಾರಲ್ಲ, ಅದಲ್ಲೇನ್ರಿ? ನನ್ನ ಮಗಳಿಗಿ ಇನ್ನಾ ಹದಿನಾಲ್ಕು. ಮತ್ತ ಇಷ್ಟು ಅವಸರ ಯಾಕ? ಲಡಾಯಿ ಏನರ ಸುರು ಆಗ್ಯಾದೇನು?"

"ಹಂಗೇನಿಲ್ಲ."

"ಊಟ ವಸತಿ ಸರ್ಕಾರದ್ದು ಅಂತ ಬರದೀರಿ. ಆತು. ಹೋಗೂದೂ ಬರದೀರಿ. ವಾಪಸ್ ಬರೂದು ಎಲ್ಲಿ ಬರದೀರಿ?"

"ಕೆಳಗ ನೋಡು. ತಿರುಗು ಪ್ರಯಾಣ."

"ಅದು ತಿರಗಾಡೂದು ಆತು. ಮನಿಗಿ ಬರೂದು?"

ಮಾಸ್ತರರು ನೋಟೀಸನ್ನು ಮೇಲಿನಿಂದ ಕೆಳಗೆ ನೋಡಿದರು, ತಿರುಗಿಸಿ ಹಿಂದೆಯೂ ನೋಡಿದರು. ಮನೆಗೆ ಬರುವ ಮಾತು ಎಲ್ಲಿಯೂ ಇರಲಿಲ್ಲ. ಹಣಮಯ್ಯ ಮೇಜಿನ ಮೇಲಿದ್ದ ಕಟ್ಟಿನಿಂದ ಮಗಳ ಚೀಟಿ ಹುಡುಕಿ ತೆಗೆದು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೋದ.

ಊರಿಗೆ ಸುದ್ದಿ ಹಬ್ಬಲು ಒಂದು ತಾಸೂ ಬೇಕಾಗಲಿಲ್ಲ. ಸರ್ಕಾರ ಸಣ್ಣ ಮಕ್ಕಳನ್ನು ಫೌಜಿಗೆ ಭರ್ತಿ ಮಾಡುತ್ತಿದೆ, ಚೀಟಿಗೆ ಸಹಿ ಹಾಕಿದವರ ಮಕ್ಕಳು ಹೋದ ಹಾಗೆಯೇ. ತಾಯಂದಿರು ಹಿಟ್ಟಿನ ಕೈಯಲ್ಲೇ ಶಾಲೆಗೆ ಬಂದು ತಮ್ಮತಮ್ಮ ಚೀಟಿ ಆರಿಸಿಕೊಂಡು ಹೋದರು. ಮಧ್ಯಾಹ್ನದ ಊಟದ ಹೊತ್ತಿಗೆ ಮೂರು ಚೀಟಿ ಉಳಿದಿದ್ದವು.

ಶಿಲ್ಪಾರಾಣಿ ತರಗತಿಯಲ್ಲಿ ಎದ್ದು ನಿಂತಳು. "ಸರ್, ಗಡಿನಾಗ ಅರಮನಿ ತೋಟ ಯಾಕ ಇರ್ತದ್ರಿ?"

"ಕಾಯೋರಿಗಿ ಬ್ಯಾಸರ ಆಗಬಾರದಂತ," ಎಂದರು ಮಾಸ್ತರರು.

ಅವಳು ಕೂತುಕೊಂಡಳು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಳು. "ಸರ್, ಬಸ್ ಹೋಗ್ತದೇನ್ರಿ ಇಲ್ಲೇನ್ರಿ?"

ಮಾಸ್ತರರು ಬೋರ್ಡಿನ ಕಡೆ ತಿರುಗಿ ಒರೆಸತೊಡಗಿದರು. ಕಿಟಕಿಯ ಪಟ್ಟಿಯನ್ನು ಅವಳು ನಾಲ್ಕು ಮಡಿಕೆ ಮಾಡಿ ಕಂಪಾಸ್ ಡಬ್ಬಿಯಲ್ಲಿ ಇಟ್ಟುಕೊಂಡದ್ದನ್ನು ನೋಡಿ ನಾನು ಮಾಸ್ತರರ ಹತ್ತಿರ ಹೋದೆ. ಆ ಕಾಗದ ಒಮ್ಮೆ ತೆಗೆಯಿರಿ, ತೆಲುಗು ಚೆನ್ನಾಗಿ ಬಲ್ಲ ಯಾರಿಗಾದರೂ ತೋರಿಸೋಣ ಎಂದೆ.

"ತೆಲುಗು ಬಲ್ಲವನು ನಾನೇ ಇರುವಾಗ ಬ್ಯಾರೆಯವರಿಗಿ ಯಾಕ ಪರೇಶಾನ್ ಮಾಡೂದು?" ಎಂದರು ಮಾಸ್ತರರು.

ಬುಧವಾರ ಇನ್ನೊಂದು ತಮಾಷೆಯಾಯಿತು. ಬೆಳಿಗ್ಗೆ ಶಾಲೆಗೆ ಬಂದರೆ ಮೈದಾನದಲ್ಲಿ ಹದಿನೇಳು ಜನ ಗಂಡುಮಕ್ಕಳು ಚಡ್ಡಿ ಹಾಕಿಕೊಂಡು ಓಡುತ್ತಿದ್ದರು. ಮುಂದಾಳು ಸಂಜೀವಕುಮಾರ. ಇಪ್ಪತ್ತೆರಡರ ಹುಡುಗ. ಎರಡು ಸಲ ಫೌಜಿನ ಭರ್ತಿಗೆ ಹೋಗಿ ಎರಡು ಸಲವೂ ಎದೆಯಳತೆಯಲ್ಲಿ ವಾಪಸ್ ಬಂದವನು.

"ಮಾಸ್ತರ್, ಎಂಟನೇ ಕ್ಲಾಸಿನ ಪೋರಗೋಳಿಗಿ ಸಂದರ್ಶನ ಅದ, ನಾವೇನು ಪಾಪ ಮಾಡೀವ್ರಿ? ನಮ್ಮ ಹೆಸರೂ ಬರಕೋರಿ. ನಾವು ಹೊತ್ತು ಹುಟ್ಟೂದಕ್ಕ ಮೊದಲೇ ಬಂದೀವಿ."

ತಮ್ಮ ಒಂದು ನೋಟೀಸಿಗೆ ಇಷ್ಟು ಶಕ್ತಿ ಇದೆ ಎಂಬುದು ಮಾಸ್ತರರಿಗೂ ತಿಳಿದಿರಲಿಲ್ಲ. ಬೇಡ ಎನ್ನಲು ಮನಸ್ಸಾಗಲಿಲ್ಲ. ಹೆಸರು ಬರೆದುಕೊಂಡರು. ಎದೆಯಳತೆ ತೆಗೆಯಲು ಮಾತ್ರ ನನ್ನನ್ನು ಕರೆದರು, ಗಣಿತದವನೆಂಬ ಕಾರಣಕ್ಕೆ. ಸಂಜೀವಕುಮಾರ ಉಸಿರು ಬಿಗಿಹಿಡಿದು ನಿಂತಿದ್ದ. ಅವನ ಮುಖ ನೋಡಲಾರದೆ ನಾನು ಒಂದು ಇಂಚು ಹೆಚ್ಚಿಗೆ ಬರೆದೆ.

ಅಷ್ಟರಲ್ಲಿ ಸರಪಂಚ ಸುಗಲಾಬಾಯಿ ತೆಂಗಿನಕಾಯಿ, ಕುಂಕುಮ, ಹಾರ ಹಿಡಿದು ಬಂದರು. ಚೀಟಿ ವಾಪಸ್ ಹೋದ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಮಕ್ಕಳು ಗಡಿಗೆ ಹೋಗುವ ಸುದ್ದಿ ಮಾತ್ರ ಮುಟ್ಟಿತ್ತು.

"ಊರಿನ ಹೆಸರು ಮ್ಯಾಲೆ ತಂದ್ರಿ, ಮಾಸ್ತರ್," ಎಂದು ಹಾರವನ್ನು ಅವರಿಗೇ ಹಾಕಿದರು. "ಜಹೀರಾಬಾದಿನಾಗ ಬ್ಯಾನರ್ ಮಾಡಾಕ ಹೇಳೀನಿ. ಶನಿವಾರ ಬಸ್ಸಿನ ಮುಂದ ಕಟ್ಟೋಣು."

ಬ್ಯಾನರ್ ಅಂದೇ ಮಧ್ಯಾಹ್ನ ಬಂತು. "ಗಡಿಗೆ ಹೊರಟ ನಮ್ಮೂರ ಬಾಲವೀರರಿಗೆ ಜಯವಾಗಲಿ" ಎಂದು ಬರೆದಿತ್ತು. ಸುಗಲಾಬಾಯಿಯವರ ದೊಡ್ಡ ಫೋಟೊ ಇತ್ತು, ಪಕ್ಕದಲ್ಲಿ ಎಲ್ಲಿಂದಲೋ ತಂದ ಒಂದು ಫಿರಂಗಿಯ ಚಿತ್ರವೂ ಇತ್ತು. ಅವರು ಅದರ ಮುಂದೆ ನಿಂತು ಮಾಸ್ತರರ ಜೊತೆ ಫೋಟೊ ತೆಗೆಸಿ ಹತ್ತಾರು ಗುಂಪಿಗೆ ಕಳಿಸಿದರು. ಮಾಸ್ತರರ ಕೊರಳಲ್ಲಿ ಹಾರ, ಮುಖದಲ್ಲಿ ತಾವೇ ಫೌಜು ಕಟ್ಟಿದವರ ಗತ್ತು. ಚೀಟಿ ಮಾತ್ರ ಇನ್ನೂ ಮೂರೇ ಇದ್ದವು.

ಗುರುವಾರ ಮೂರು ಗಂಟೆಗೆ ಪೊಲೀಸ್ ಬಂತು.

ಬಂದವನು ಸಾಯಿಕುಮಾರ ಎಂಬ ಕಾನ್‌ಸ್ಟೇಬಲ್. ನಾರಾಯಣಖೇಡ ಕಡೆಯವನಾದ್ದರಿಂದ ಎರಡೂ ಭಾಷೆ ಅವನಿಗೆ ಬಾಯಲ್ಲೇ ಇದ್ದವು. ಮೋಟಾರ್‌ಸೈಕಲ್ ನಿಲ್ಲಿಸಿ ಫೋನಿನಲ್ಲಿ ಬ್ಯಾನರಿನ ಫೋಟೊ ತೋರಿಸಿದ.

"ಇಲ್ಲಿ ಸಣ್ಣ ಹುಡುಗ್ರಿಗಿ ಮಿಲಿಟ್ರಿಗೆ ಕಳಸೂರು ಯಾರು?"

ಸಂಜೀವಕುಮಾರನ ಹದಿನೇಳು ಜನ ಓಡುವುದನ್ನು ಬಿಟ್ಟು ನಿಂತರು. ಹಣಮಯ್ಯ ಬಂದ, ತಾಯಂದಿರು ಬಂದರು, ಸುಗಲಾಬಾಯಿ ಬಂದು ಬ್ಯಾನರಿನ ಮೇಲಿನ ತಮ್ಮ ಫೋಟೊಗೆ ಬೆನ್ನು ಮಾಡಿ ನಿಂತರು. ಎಲ್ಲರೂ ಒಟ್ಟಿಗೆ ಆತ್ಮಾರಾಮ ಮಾಸ್ತರರ ಕಡೆ ನೋಡಿದರು.

ಅಲಮಾರಿಯ ಕೀಲಿ ಮಾಸ್ತರರ ಕೈಯಿಂದ ಮೂರು ಸಲ ಕೆಳಗೆ ಬಿತ್ತು. ಕೊನೆಗೆ ಮೂಲ ಕಾಗದ ಹೊರಗೆ ಬಂತು. ಸಾಯಿಕುಮಾರ ಅದನ್ನು ಓದಿದ. ಮಾಸ್ತರರ ನೋಟೀಸನ್ನು ಕೇಳಿ ಇಸಿದುಕೊಂಡು ಅದನ್ನೂ ಓದಿದ. ಆಮೇಲೆ ಬೆಂಚಿನ ಮೇಲೆ ಕೂತು ಟೊಪ್ಪಿಗೆ ತೆಗೆದು ಮುಖಕ್ಕೆ ಹಿಡಿದುಕೊಂಡ. ಅವನ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೆಂದು ಒಬ್ಬ ತಾಯಿ ತಾನೂ ಅಳಲು ಶುರುಮಾಡಿದಳು.

"ಸಾರ್," ಎಂದ ಕೊನೆಗೆ, "ಗಡಿ ಅಂಟೇ ಬಾರ್ಡರ್ ಕಾದು. ಗಡಿ ಅಂಟೇ ದೊರಲ ಇಲ್ಲು." ನಂತರ ಜನರ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ. "ತೆಲುಗಿನಾಗ ಗಡಿ ಅಂದ್ರ ಹಿಂದಿನ ದೊರೆಗೋಳ ದೊಡ್ಡ ಮನಿ ರಿ. ಸಂದರ್ಶನ ಅಂದ್ರ ಹೋಗಿ ನೋಡೂದು. ಹಳೇ ಮನಿ, ಅರಮನಿ ತೋಟ, ಎಲ್ಲಾ ನೋಡಿ ಬರೂದು ಅಂತ ಬರದಾರ."

"ಅವಸರ?" ಎಂದು ಹಣಮಯ್ಯ ಕೇಳಿದ.

"ಅವಸರಂ ಅಂದ್ರ ಬೇಕು ಅಂತ. ನಿಮ್ಮ ಒಪ್ಪಿಗಿ ಬೇಕಂತ."

"ಮತ್ತ ತಿರುಗು ಪ್ರಯಾಣ?"

"ಅದೇ ವಾಪಸ್ ಬರೂದು. ಸಾಯಂಕಾಲ ಆರಕ್ಕ ಊರಿಗಿ ಬಿಡ್ತಾರ. ವಸತಿ ಅಂದ್ರ ಅಲ್ಲಿ ಉಳಿಯೂದಲ್ಲ, ಊಟದ ಅನುಕೂಲ ಅಷ್ಟೇ."

ಮೈದಾನಕ್ಕೆ ಮೈದಾನವೇ ನಗತೊಡಗಿತು. ಎರಡು ದಿನದಿಂದ ಹಿಡಿದಿಟ್ಟ ಉಸಿರೆಲ್ಲ ನಗೆಯಾಗಿ ಹೊರಗೆ ಬಂತು. ಸಂಜೀವಕುಮಾರ ಒಬ್ಬನೇ ನಗಲಿಲ್ಲ.

"ಮತ್ತ ನಮ್ಮ ಎದಿ ಅಳತಿ ಯಾಕ ತಗೊಂಡ್ರಿ?"

"ಅದು ಆರೋಗ್ಯಕ್ಕ," ಎಂದರು ಮಾಸ್ತರರು ನೆಲ ನೋಡುತ್ತ.

ನಾಲ್ಕು ಗಂಟೆಯ ಬಸ್ಸಿಗೆ ಧಮ್ಮಶೀಲಾ ಮೇಡಂ ಇಳಿದಾಗ ಊರಿನ ತಾಯಂದಿರು ಚೀಟಿ ಹಿಡಿದು ಶಾಲೆಯ ಕಡೆ ಓಡುತ್ತಿದ್ದರು. ಮೇಡಂ ಏನಾಯಿತೆಂದು ಕೇಳಲಿಲ್ಲ, ಗಡಿಯಾರ ನೋಡಿ ಚೀಟಿ ಎಣಿಸಲು ಕೂತರು. ನಾಲ್ಕೂವರೆಗೆ ಮೂವತ್ತೊಂಬತ್ತು ಆದವು. ಇಬ್ಬರು ಮಕ್ಕಳು ಮದುವೆಗೆಂದು ಬಶೀರಾಬಾದಿಗೆ ಹೋಗಿದ್ದರು. ಉಳಿದದ್ದು ಒಂದು, ಶಿಲ್ಪಾರಾಣಿಯದು.

ಹಣಮಯ್ಯ ಕಿಸೆಯಿಂದ ಚೀಟಿ ತೆಗೆದ. ಆದರೆ ಅದನ್ನು ಕೊಡುವ ಮೊದಲೇ ಅವನ ತಾಯಿ ಈಶಮ್ಮ ಕೈಯಿಂದ ಕಿತ್ತುಕೊಂಡಳು. ಎಂಬತ್ತು ದಾಟಿದ ಮುದುಕಿ. ಇಷ್ಟು ಹೊತ್ತು ಬೇವಿನ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು.

"ಯಾವ ಊರಿನ ಗಡಿ ಅಂದ್ಯೋ, ಪೊಲೀಸಪ್ಪ?"

ಸಾಯಿಕುಮಾರ ಕಾಗದ ನೋಡಿ ತಾಂಡೂರಿನ ಹತ್ತಿರದ ಒಂದು ಹಳ್ಳಿಯ ಹೆಸರು ಹೇಳಿದ, ಮಾಸ್ತರರ ನೋಟೀಸಿನಲ್ಲಿ ಬಿಟ್ಟೇಹೋಗಿದ್ದ ಹೆಸರು.

"ಅದು ನನ್ನ ತವರೂರು," ಎಂದಳು ಈಶಮ್ಮ. "ಫೌಜಿನ ಗಡಿ ಆಗಿದ್ರ ಕಳಸ್ತಿದ್ದೆ. ಈ ಗಡಿಗಿ ನನ್ನ ಮೊಮ್ಮಗಳಿಗಿ ಕಳಸೂದಿಲ್ಲ. ನಮ್ಮವ್ವ ಅಲ್ಲಿ ಬಿಟ್ಟಿ ಚಾಕರಿ ಮಾಡ್ಯಾಳ. ಹಿತ್ತಲ ಬಾಗಿಲಿನಿಂದ ಹೋಗೂದು, ಹಿತ್ತಲ ಬಾಗಿಲಿನಿಂದ ಬರೂದು. ಮುಂದಿನ ಬಾಗಿಲಿಗಿ ನಮ್ಮ ನೆರಳೂ ಬೀಳಬಾರದು. ಅದನ್ನ ಏನು ಚಂದ ಅದ ಅಂತ ನೋಡಾಕ ಹೋಗಬೇಕು?"

ಮೇಡಂ ಎಣಿಸಿದ ಚೀಟಿಗಳ ಕಟ್ಟನ್ನು ಮೇಜಿನ ಮೇಲಿಟ್ಟರು. ಗಡಿಯಾರದಲ್ಲಿ ನಾಲ್ಕು ನಲವತ್ತು. ಶಿಲ್ಪಾರಾಣಿ ಅಜ್ಜಿಯ ಸೆರಗು ಹಿಡಿದು ನಿಂತಿದ್ದಳು. ಮೂವತ್ತೊಂಬತ್ತು ಮಕ್ಕಳು ಅವಳನ್ನೇ ನೋಡುತ್ತಿದ್ದರು.

ಆಗ ಆತ್ಮಾರಾಮ ಮಾಸ್ತರರು ಕಟ್ಟೆಯ ಹತ್ತಿರ ಹೋಗಿ ಕೆಳಗೆ ಕೂತರು. ಅವರು ಯಾರ ಮುಂದೆಯೂ ಹಾಗೆ ಕೂತಿದ್ದನ್ನು ನಾನು ನೋಡಿರಲಿಲ್ಲ.

"ಅವ್ವಾ, ನನಗ ಈ ತೆಲುಗು ಬರೂದಿಲ್ಲ. ಬರ್ತದಂತ ಸುಳ್ಳು ಹೇಳೀನಿ. ಗಡಿ ಅಂದ್ರ ಏನಂತ ನನಗ ಗೊತ್ತಿರಲಿಲ್ಲ, ಈಗೂ ಗೊತ್ತಿಲ್ಲ. ಅಲ್ಲಿ ಹೋಗಿ ಪೋರಗೋಳಿಗಿ ನಾ ಏನು ಹೇಳ್ಲಿ? ಕಂಬ ಎಷ್ಟು ಎತ್ತರ ಅದ ಅಂತ ಹೇಳಿ ಕರಕೊಂಡು ಬರ್ತೀನಿ, ಅಷ್ಟೇ. ಹೇಳೂರು ನೀವೇ ಇದ್ದೀರಿ. ನೀವೂ ಬರ್ರಿ."

ಈಶಮ್ಮ ಕಿತ್ತುಕೊಂಡಿದ್ದ ಚೀಟಿಯ ಮಡಿಕೆ ಬಿಡಿಸಿದಳು.

"ಯಾವ ಬಾಗಿಲಿನಿಂದ?" ಎಂದಳು.

"ಈಗ ಅದು ಸರ್ಕಾರದ್ದು, ಅವ್ವಾ," ಎಂದರು ಮೇಡಂ. "ಮುಂದಿನ ಬಾಗಿಲಿನಿಂದಲೇ."

ಮುದುಕಿ ಹೆಬ್ಬೆರಳು ಮುಂದೆ ಮಾಡಿದಳು. ಇಂಕಿನ ಪ್ಯಾಡು ನೋಡಿದರೆ ಒಣಗಿ ಹೋಗಿತ್ತು. ಸುಗಲಾಬಾಯಿ ಹಾರದ ಜೊತೆ ತಂದಿದ್ದ ಕುಂಕುಮ ಇನ್ನೂ ಮೇಜಿನ ಮೇಲಿತ್ತು. ಅದಕ್ಕೆ ಎರಡು ಹನಿ ನೀರು ಹಾಕಿ ಚೀಟಿಯಲ್ಲಿ ಮಗನ ಸಹಿಯ ಪಕ್ಕ ಹೆಬ್ಬೆಟ್ಟು ಒತ್ತಿಸಿದೆವು. ಮೇಡಂ ನಲವತ್ತು ಚೀಟಿಗಳ ಫೋಟೊ ತೆಗೆದು ಕಳಿಸಲು ಒತ್ತಿದರು. ಹೋಗಲಿಲ್ಲ. ನಮ್ಮ ಶಾಲೆಯಲ್ಲಿ ಫೋನಿಗೆ ಮಾತು ಸಿಗುತ್ತದೆ, ಫೋಟೊ ಹೋಗುವಷ್ಟು ಸಿಗ್ನಲ್ ಸಿಗಬೇಕಾದರೆ ಹಳ್ಳದ ದಂಡೆಗೇ ಹೋಗಬೇಕು. ನಾಲ್ಕು ಐವತ್ತಾಗಿತ್ತು.

ಸಂಜೀವಕುಮಾರ ಮುಂದೆ ಬಂದ. "ಕೊಡ್ರಿ ಇಲ್ಲಿ," ಎಂದು ಫೋನ್ ಇಸಿದುಕೊಂಡು ಓಡಿದ. ಅವನ ಹಿಂದೆ ಉಳಿದ ಹದಿನಾರು ಜನವೂ ಓಡಿದರು. ಯಾಕೆ ಓಡಿದರೆಂದು ಕೇಳಬೇಡಿ, ಎರಡು ದಿನದಿಂದ ರೂಢಿಯಾಗಿಬಿಟ್ಟಿತ್ತು. ನಾವೆಲ್ಲ ಹಳ್ಳದ ಕಡೆ ಕತ್ತು ಚಾಚಿ ನಿಂತೆವು. ಹಣಮಯ್ಯ ಕಣ್ಣು ಮುಚ್ಚಿಕೊಂಡು ನಿಂತಿದ್ದ.

ಐದು ಹೊಡೆದು ಮೂರು ನಿಮಿಷಕ್ಕೆ ಸಂಜೀವಕುಮಾರ ಏದುಸಿರು ಬಿಡುತ್ತ ಬಂದ. "ಹೋಗ್ಯಾದ್ರಿ. ನಾಲ್ಕು ಐವತ್ತೆಂಟಕ್ಕ. ಓಕೆ ಅಂತ ಆಫೀಸಿನೋರು ಬರದಾರ."

ಧಮ್ಮಶೀಲಾ ಮೇಡಂ ಕುರ್ಚಿಯ ಮೇಲೆ ಕೂತು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಮಕ್ಕಳ ಗದ್ದಲಕ್ಕೆ ಬೇವಿನ ಗಿಡದ ಗುಬ್ಬಿಗಳೆಲ್ಲ ಎದ್ದು ಹೋದವು. ನನಗಂತೂ ಮೈಮೇಲಿನ ಮೂಟೆ ಇಳಿಸಿದಷ್ಟು ಹಗುರಾಯಿತು.

ಶನಿವಾರ ಬಸ್ ಹೊರಟಿತು. ಕಿಟಕಿಯ ಪಕ್ಕದ ಮೊದಲ ಸೀಟು ಈಶಮ್ಮನದು. ಅವಳ ಹಿಂದಿನ ಸೀಟಿನಲ್ಲಿ ಹಣಮಯ್ಯ.

ಆ ಗಡಿಗೆ ಆನೆ ಹೋಗುವಷ್ಟು ದೊಡ್ಡ ಮರದ ಬಾಗಿಲಿತ್ತು. ಅದರಲ್ಲೇ ಒಂದು ಸಣ್ಣ ಬಾಗಿಲು, ಬಗ್ಗಿದರೆ ಮಾತ್ರ ಒಳಗೆ ಹೋಗಬಹುದು. ಕಾವಲುಗಾರ ಸಣ್ಣದನ್ನು ತೆರೆದು ಬನ್ನಿ ಎಂದ. ದೊಡ್ಡ ಬಾಗಿಲು ಜಾಮಾಗಿ ವರ್ಷಗಳೇ ಆದವಂತೆ.

ಈಶಮ್ಮ ಅಲ್ಲೇ ನಿಂತಳು. "ನಾ ಬಗ್ಗೂದಿಲ್ಲ," ಎಂದಳು.

ಆತ್ಮಾರಾಮ ಮಾಸ್ತರರು ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು ದೊಡ್ಡ ಬಾಗಿಲಿಗೆ ಭುಜ ಕೊಟ್ಟರು. ಬಾಗಿಲು ಅಲುಗಲಿಲ್ಲ. ಹಣಮಯ್ಯ ಸೇರಿದ, ಡ್ರೈವರ್ ಸೇರಿದ, ಆಮೇಲೆ ನಲವತ್ತು ಮಕ್ಕಳೂ ಸೇರಿದರು. ಬೇಡ ಬೇಡ ಎನ್ನುತ್ತಿದ್ದ ಕಾವಲುಗಾರನೂ ಕೊನೆಗೆ ಕೈ ಹಾಕಿದ. ಬಾಗಿಲು ಕಿರ್ರೆಂದು ಒಂದು ಮೊಳ ಸರಿಯಿತು, ಇನ್ನೊಂದು ಮೊಳ ಸರಿಯಿತು. ಈಶಮ್ಮ ಸೆರಗು ಸರಿಪಡಿಸಿಕೊಂಡು ಮೊಮ್ಮಗಳ ಕೈ ಹಿಡಿದು ನೆಟ್ಟಗೆ ಒಳಗೆ ನಡೆದಳು.

ಅಂಗಳ, ಕಂಬಗಳ ಸಾಲು, ಹಿಂದೆ ಮಾವಿನ ತೋಟ, ಅದರೊಳಗಿನ ಬಾವಿ, ಒಣಗಿದ ಕಾರಂಜಿ ಎಲ್ಲ ನೋಡಿದೆವು. ಯಾವ ಕೋಣೆಯಲ್ಲಿ ಕಾಳು ಬೀಸುತ್ತಿದ್ದರು, ಎಲ್ಲಿ ನಿಂತು ಬೈಗುಳ ತಿನ್ನುತ್ತಿದ್ದರು ಎಂದು ಈಶಮ್ಮ ಒಂದೊಂದಾಗಿ ತೋರಿಸಿದಳು. ಮಕ್ಕಳು ಬರೆದುಕೊಂಡರು. ಕೊನೆಗೆ ಅವಳು ಪಡಸಾಲೆಯಲ್ಲಿ ದೊರೆ ಕೂಡುತ್ತಿದ್ದ ಕಲ್ಲಿನ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಕಾವಲುಗಾರನನ್ನು ಕರೆದಳು.

"ನೀಳ್ಳು ತೇ, ಬಿಡ್ಡಾ."

ಅವನು ಸ್ಟೀಲಿನ ಲೋಟದಲ್ಲಿ ನೀರು ತಂದು ಕೊಟ್ಟ. ಅವಳು ಒಂದೇ ಸಮನೆ ಕುಡಿದು ಲೋಟ ಕೆಳಗಿಟ್ಟಳು.

"ತೋಟದಾಗ ಬಾವಿ ನೋಡಿದ್ಯಲ್ಲ," ಎಂದಳು ಶಿಲ್ಪಾರಾಣಿಗೆ. "ನಮ್ಮವ್ವ ಇಪ್ಪತ್ತು ವರ್ಷ ಅಲ್ಲಿಂದ ಈ ಮನಿಗಿ ನೀರು ಹೊತ್ತಾಳ. ಇಲ್ಲಿ ಒಂದು ಗುಟುಕು ಕುಡದಾಕಿ ಅಲ್ಲ. ಈ ಲೋಟ ನನ್ನದಾತು. ಇನ್ನೊಂದು ತರಾಕ ಹೇಳು. ಅದು ಅವ್ವಂದು."

ಕಾವಲುಗಾರ ಹೊರಡುವ ಮೊದಲೇ ಆತ್ಮಾರಾಮ ಮಾಸ್ತರರು ಲೋಟ ಎತ್ತಿಕೊಂಡು ಹೋದರು. ತುಂಬಿಸಿಕೊಂಡು, ಒಂದು ಹನಿ ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು ತಂದರು.